ಎಷ್ಟು ಪೌಂಡಿನ ವಿಂಚ್ ಬೇಕು?

ಜೆ.ಸಿ. ರಸ್ತೆಯ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ ಅದು: ‘ಎಷ್ಟು ಪೌಂಡ್ ಬೇಕು?’ ಗಾಡಿ ಯಾವುದು, ಎಲ್ಲಿ ಓಡುತ್ತದೆ, ಎಲ್ಲಿ ಹೂತುಕೊಳ್ಳುತ್ತದೆ, ಯಾವುದನ್ನೂ ಕೇಳಲಿಲ್ಲ. ನಾನು ಉತ್ತರ ಹುಡುಕುತ್ತಾ ನಿಂತಿದ್ದು ನೋಡಿ ಅವರೇ ತೀರ್ಮಾನ ಕೊಟ್ಟರು. ‘ಹನ್ನೆರಡು ಸಾವಿರದ್ದು ತಗೊಳ್ಳಿ ಸಾರ್, ಲಾರೀನೂ ಎಳೆಯುತ್ತೆ.’

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಬಿಡಿಭಾಗಗಳ ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರ. ಅದರ ಮೇಲೆ ನಾನು ಓದುತ್ತಿರುವುದು ಮೆಕ್ಯಾನಿಕಲ್ ಬಿ.ಇ. ನೆಂಟರ ಕಣ್ಣಿನಲ್ಲಿ ಮೆಕ್ಯಾನಿಕಲ್ ಹುಡುಗ ಎಂದರೆ ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಮೋಟಾರಿನವರೆಗೆ ಎಲ್ಲ ಬಲ್ಲವನು. ಹಾಗಾಗಿ ಮೂಡಿಗೆರೆಯ ಮಾವ ತಮ್ಮ ಹಳೇ ಫೋರ್ ವ್ಹೀಲ್ ಜೀಪಿಗೆ ವಿಂಚ್ ಬೇಕೆಂದಾಗ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಮಾವನಿಗೆ ಆಫ್‌ರೋಡ್ ಶೋಕಿ ಇಲ್ಲ. ಕಳೆದ ಜುಲೈಯಲ್ಲಿ ತೋಟದ ದಾರಿಯಲ್ಲಿ ಜೀಪ್ ಚಕ್ರದ ಮಟ್ಟಕ್ಕೆ ಹೂತುಕೊಂಡಿತ್ತು. ಪಕ್ಕದ ತೋಟದ ಟ್ರ್ಯಾಕ್ಟರ್ ತಂದು, ಎಲ್ಲೋ ಬಿದ್ದಿದ್ದ ಹಳೇ ತಂತಿ ಹಗ್ಗ ಕಟ್ಟಿ ಎಳೆದರು. ಜೀಪಿನ ಕಡೆಯ ಕೊಕ್ಕೆ ಬಿಚ್ಚಿಕೊಂಡು ಹಾರಿ ತೋಟದ ರೈಟರ್ ಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅವರನ್ನು ಆಸ್ಪತ್ರೆಗೆ ಒಯ್ಯಬೇಕಾದ ಗಾಡಿ ಯಾವುದು? ಕೆಸರಿನಲ್ಲಿ ಕೂತಿದ್ದ ಅದೇ ಜೀಪ್. ಕೊನೆಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಮಳೆಯಲ್ಲಿ, ಟಾರ್ಪಾಲು ಹೊದಿಸಿಕೊಂಡು ಅವರು ಟಾರು ರಸ್ತೆ ಮುಟ್ಟಿದರು. ಆ ಭಾಗದ ಜೀಪುಗಳು ಮಳೆಗಾಲದಲ್ಲಿ ಆಂಬುಲೆನ್ಸ್ ಕೂಡ ಹೌದು. 2019ರ ಆಗಸ್ಟ್‌ನಲ್ಲಿ ಅದೇ ತಾಲ್ಲೂಕಿನ ಮಲೆಮನೆಯ ಮೇಲೆ ಗುಡ್ಡ ಕುಸಿದದ್ದು ಅಲ್ಲಿನವರಿಗೆ ನಿನ್ನೆ ಮೊನ್ನೆಯ ಮಾತು.

ಹಾಗಾಗಿ ಪೌಂಡಿನ ಪ್ರಶ್ನೆಗೆ ಉತ್ತರ ಹೇಳದೆ ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಇಳಿಜಾರಿನ ಮೇಲೆ ಒಂದು ಬ್ಲಾಕ್, ಅದಕ್ಕೊಂದು ಹಗ್ಗ, ಒಂದು ರಾಟೆ ಇರುವ ಲೆಕ್ಕ ಮಾಡಿರುತ್ತೇವಲ್ಲ, ಅದೇ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಅದು ಮತ್ತೆ ಬೇಕಾಗುತ್ತದೆ ಎಂದು ನಾನಂತೂ ಅಂದುಕೊಂಡಿರಲಿಲ್ಲ.

ಜೀಪ್, ಜನ, ಸಾಮಾನು ಸೇರಿ 2,200 ಕೆ.ಜಿ. ಎಂದಿಟ್ಟುಕೊಳ್ಳಿ. ಗಟ್ಟಿ ರಸ್ತೆಯಲ್ಲಿ ಇದನ್ನು ನಾಲ್ಕು ಜನ ತಳ್ಳಬಹುದು. ಕೆಸರಿನಲ್ಲಿ ಕಥೆ ಬೇರೆ. ಸೇನೆಗಳು ವಾಹನ ಹೊರತೆಗೆಯಲು ಬಳಸುವ ಅಂದಾಜು ಸೂತ್ರ ಹೀಗಿದೆ: ಚಕ್ರದ ಮಟ್ಟಕ್ಕೆ ಹೂತಿದ್ದರೆ ಎಳೆಯಲು ವಾಹನದ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕೆ ಮುಳುಗಿದ್ದರೆ ಮೂರು ಪಟ್ಟು. ಮಾವನ ಜೀಪ್ ಚಕ್ರದ ಮಟ್ಟಕ್ಕೆ ಹೂತಿತ್ತು, ಅಂದರೆ 2,200. ದಾರಿ ಏರು, 15 ಡಿಗ್ರಿ ಇಳಿಜಾರು ಎಂದರೆ ಇನ್ನೊಂದು 570 ಸೇರುತ್ತದೆ. ಒಟ್ಟು 2,770. ಕಾಲು ಭಾಗ ಮೀಸಲು ಇಟ್ಟುಕೊಂಡರೆ ಹತ್ತಿರ ಹತ್ತಿರ 3,460 ಕೆ.ಜಿ. ಎಳೆತ.

ಹನ್ನೆರಡು ಸಾವಿರ ಪೌಂಡ್ ಎಂದರೆ 5,443 ಕೆ.ಜಿ. ಹಾಗಾದರೆ ಧಾರಾಳವಾಗಿ ಸಾಕಲ್ಲ? ನಾನೂ ಹಾಗೇ ಅಂದುಕೊಂಡೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಆ ಸಂಖ್ಯೆ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಿರುವಾಗಿನದು. ಅಂದರೆ ಹಗ್ಗವನ್ನೆಲ್ಲ ಹೊರಗೆ ಬಿಟ್ಟಿರಬೇಕು. ಡ್ರಮ್ಮನ್ನು ತಿರುಗಿಸುವ ತಿರುಚುಬಲ ಬದಲಾಗುವುದಿಲ್ಲ, ಆದರೆ ಪದರ ಹೆಚ್ಚಾದಂತೆ ತ್ರಿಜ್ಯ ಬೆಳೆಯುತ್ತದೆ, ಎಳೆತ ಕುಗ್ಗುತ್ತದೆ. ಡ್ರಮ್ಮಿನ ವ್ಯಾಸ 64 ಮಿ.ಮೀ., ಹಗ್ಗದ ದಪ್ಪ 9 ಮಿ.ಮೀ. ಎಂದುಕೊಂಡರೆ ಮೊದಲ ಪದರದಲ್ಲಿ ತ್ರಿಜ್ಯ 36.5 ಮಿ.ಮೀ., ನಾಲ್ಕನೆಯ ಪದರದಲ್ಲಿ ಸುಮಾರು 60. ಎಳೆತ ಶೇ 60ಕ್ಕೆ ಇಳಿಯಿತು: 5,443ರ ಬದಲು ಬರೀ 3,270 ಕೆ.ಜಿ. ನಮಗೆ ಬೇಕಿದ್ದದ್ದು 3,460. ಹತ್ತಡಿ ದೂರದಲ್ಲೇ ಮರ ಸಿಕ್ಕಿತು ಎಂದು ಖುಷಿಪಟ್ಟು ಸ್ವಲ್ಪವೇ ಹಗ್ಗ ಬಿಟ್ಟು ಎಳೆದರೆ, ‘ಲಾರೀನೂ ಎಳೆಯುವ’ ಆ ವಿಂಚ್ ಮಾವನ ಜೀಪನ್ನೇ ಹೊರತೆಗೆಯುವುದು ಅನುಮಾನ.

ಈಗ ಚಿಕ್ಕದನ್ನು ನೋಡಿ. 9,500 ಪೌಂಡಿನ ವಿಂಚ್, 4,309 ಕೆ.ಜಿ. ನಾಲ್ಕನೆಯ ಪದರದಲ್ಲಿ ಸುಮಾರು 2,585. ನೇರವಾಗಿ ಎಳೆದರೆ ಸಾಲದು. ಆದರೆ ಮರಕ್ಕೆ ಅಗಲ ಪಟ್ಟಿ ಸುತ್ತಿ, ಅದಕ್ಕೊಂದು ಸ್ನ್ಯಾಚ್ ಬ್ಲಾಕ್, ಅಂದರೆ ಪಕ್ಕ ತೆರೆದು ಹಗ್ಗ ತೂರಿಸಬಹುದಾದ ರಾಟೆ, ಸಿಕ್ಕಿಸಿ, ಹಗ್ಗವನ್ನು ಅದರ ಮೂಲಕ ಹಿಂದಕ್ಕೆ ತಂದು ಜೀಪಿನ ಚಾಸಿಸ್ ಕೊಕ್ಕೆಗೇ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು. ರಾಟೆಯ ಘರ್ಷಣೆಗೆ ಶೇ 10 ಕಳೆದರೂ 4,650 ಕೆ.ಜಿ. ಉಳಿಯುತ್ತದೆ. ಹಗ್ಗ ಎರಡರಷ್ಟು ಹೊರಗೆ ಹೋಗುವುದರಿಂದ ಡ್ರಮ್ಮಿನ ಪದರಗಳೂ ಇಳಿಯುತ್ತವೆ, ಅದು ಇನ್ನೊಂದು ಲಾಭ. ಇದಕ್ಕೆ ನಾವು ಕೊಡುವ ಬೆಲೆ ವೇಗ, ಅದು ಅರ್ಧವಾಗುತ್ತದೆ. ಮಳೆಯಲ್ಲಿ ನಿಂತವರಿಗೆ ಬೇಜಾರು, ಅಷ್ಟೇ. ವಿಂಚಿನ ಬೆಲೆಯ ಸಣ್ಣ ಪಾಲಿನಲ್ಲಿ ಬರುವ ಒಂದು ರಾಟೆ ಸಾವಿರಾರು ಪೌಂಡಿನ ವ್ಯತ್ಯಾಸವನ್ನು ಮುಚ್ಚಿಹಾಕಿತು. ಒಂದು ಎಚ್ಚರಿಕೆ: ಈ ಜೋಡಣೆಯಲ್ಲಿ ಮರದ ಮೇಲೆ ಬೀಳುವ ಭಾರವೂ ಎರಡು ಪಟ್ಟು. ಹಳೆಯ, ಒಣಗಿದ, ಅಥವಾ ಸಡಿಲ ಮಣ್ಣಿನ ಅಂಚಿನ ಮರ ಇದಕ್ಕೆ ಆಗದು.

ಇಷ್ಟು ಲೆಕ್ಕ ಮಾಡುತ್ತಿದ್ದಾಗ ನನಗೆ ನೆನಪಾದದ್ದು 2024ರ ಮಳೆಗಾಲ. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕದ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ ಎಲ್ಲರನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಕೋಳಿಕ್ಕೋಡಿನ ಚಾಲಕರೊಬ್ಬರಿದ್ದ ಕಟ್ಟಿಗೆ ತುಂಬಿದ ಲಾರಿ ನದಿಯಿಂದ ಪತ್ತೆಯಾದದ್ದು ಸೆಪ್ಟೆಂಬರ್ 25ರಂದು, 72ನೆಯ ದಿನ. ಅವರ ದೇಹ ಕ್ಯಾಬಿನ್ನಿನಲ್ಲೇ ಇತ್ತು. ಆ ಎರಡು ತಿಂಗಳು ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಚರ್ಚೆ ಒಂದೇ: ‘ದೊಡ್ಡ ಮೆಷಿನ್ ಯಾಕೆ ತರಲ್ಲ?’ ನಾನೂ ಅದನ್ನೇ ಬರೆದಿದ್ದೆ. ಇವತ್ತು ಓದಿದರೆ ನಾಚಿಕೆಯಾಗುತ್ತದೆ. ಏಕೆಂದರೆ ಅದು ಅಂಗಡಿಯವರ ‘ಎಷ್ಟು ಪೌಂಡ್’ ಪ್ರಶ್ನೆಯ ದೊಡ್ಡ ರೂಪ ಮಾತ್ರ.

ಶಿರೂರಿನಲ್ಲಿ ಮೊದಲ ತೊಡಕು ಎಳೆತದ್ದಲ್ಲ. ಲಾರಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಮೊದಲ ದಿನಗಳಲ್ಲಿ ರಸ್ತೆಯ ಮೇಲಿನ ಮಣ್ಣಿನಲ್ಲೇ ಹುಡುಕಿದರು. ಆಮೇಲೆ ನದಿ ಎಂದಾಯಿತು, ಆದರೆ ಮಳೆಗಾಲದ ಸೆಳೆತದಲ್ಲಿ ಮುಳುಗುಗಾರರು ಇಳಿಯುವುದೇ ಕಷ್ಟವಾಯಿತು. ನೌಕಾಪಡೆ, ಸೇನೆ, ಎನ್‌ಡಿಆರ್‌ಎಫ್, ಮಲ್ಪೆಯ ಈಶ್ವರ್ ಅವರ ತಂಡ ಎಲ್ಲರೂ ಬಂದರು. ನೀರಿನಡಿಯ ಮಣ್ಣು ತೆಗೆಯಲು ಗೋವಾದಿಂದ ಡ್ರೆಡ್ಜರ್ ಬಂದ ಮೇಲೆಯೇ ಲಾರಿ ಸಿಕ್ಕಿದ್ದು. ಆಮೇಲಷ್ಟೇ ಎತ್ತುವ, ಎಳೆಯುವ ಮಾತು. ಸೂತ್ರವನ್ನು ಇಲ್ಲಿಗೆ ಹಚ್ಚಿ ನೋಡಿ. 25 ಟನ್ನಿನ ಒಂದು ಲಾರಿ ಕ್ಯಾಬಿನ್ ಮಟ್ಟಕ್ಕೆ ಹೂಳಿನಲ್ಲಿದ್ದರೆ 75 ಟನ್ ಎಳೆತ ಬೇಕು. ಅಷ್ಟು ಬಲದ ಯಂತ್ರ ತಂದರೂ ಅದನ್ನು ಯಾವುದಕ್ಕೆ ಕಟ್ಟಿ ನಿಲ್ಲಿಸುತ್ತೀರಿ? ಎಳೆಯುವವನು ಗಟ್ಟಿ ನೆಲದ ಮೇಲೆ ನಿಂತಿರಬೇಕು. ಗುಡ್ಡ ಕುಸಿದ ಜಾಗದಲ್ಲಿ ಇಲ್ಲದೇ ಇರುವುದು ಅದೊಂದೇ. ಹೂಳನ್ನು ಮೊದಲು ತೆಗೆದರೆ ಮೂರು ಪಟ್ಟು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಹಾರೆ ಹಿಡಿದು ಚಕ್ರದ ಮುಂದಿನ ಮಣ್ಣು ಬಿಡಿಸುವ ತೋಟದ ಆಳಿಗೂ, ಗೋವಾದ ಡ್ರೆಡ್ಜರಿಗೂ ತತ್ವ ಒಂದೇ.

ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದರು, ಲಾರಿಯನ್ನು ಸುಮಾರು ಒಂದು ವಾರದ ನಂತರ ದಡಕ್ಕೆ ಎಳೆದರು. ಅಲ್ಲಿ ಲಾರಿ ಎಲ್ಲಿದೆ ಎಂಬುದು ಮೊದಲ ದಿನವೇ ಗೊತ್ತಿತ್ತು, ಮೇಲೆ ಮಣ್ಣಿನ ರಾಶಿ ಇರಲಿಲ್ಲ. ಅದಾಗಿ ಮೂರೇ ದಿನಕ್ಕೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಯಿತು, ಇಡೀ ಗೇಟೇ ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ್ದನ್ನು ನಾವೆಲ್ಲ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ನೋಡಿದ್ದೆವು. ಜೀಪಿನ ವಿಂಚಿಗೂ ಅಣೆಕಟ್ಟಿನ ಗೇಟಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಎನ್ನಬೇಡಿ. ಮೋಟಾರು, ಗೇರು, ಹಗ್ಗ ಅಥವಾ ಸರಪಳಿ, ಕೊಂಡಿ, ಆಧಾರ ಎಂಬ ಸಾಲು ಎರಡರಲ್ಲೂ ಇದೆ. ನಾವು ಮಾತ್ರ ಮೋಟಾರಿನ ಸಂಖ್ಯೆಯನ್ನು ನೋಡುತ್ತೇವೆ. ನಮ್ಮ ರೈಟರ್ ಕಾಲು ಮುರಿದದ್ದು ಟ್ರ್ಯಾಕ್ಟರಿಗೆ ಬಲ ಸಾಲದೆ ಅಲ್ಲ. ಅದಕ್ಕೆ ಬಲ ಬೇಕಾದಷ್ಟಿತ್ತು, ಕೊಕ್ಕೆಗೆ ಇರಲಿಲ್ಲ.

ಹಗ್ಗದ ವಿಷಯಕ್ಕೆ ಬರೋಣ, ಏಕೆಂದರೆ ಪ್ರಾಣ ಇರುವುದು ಅಲ್ಲೇ. ಉಕ್ಕಿನ ಹಗ್ಗ ಕೆಸರು, ಕಲ್ಲು, ಬಿಸಿಲು ತಡೆಯುತ್ತದೆ, ಆದರೆ ಎಳೆತದಲ್ಲಿ ಕೂಡಿಟ್ಟ ಶಕ್ತಿಯನ್ನು ತುಂಡಾದ ಕ್ಷಣದಲ್ಲಿ ಚಾಟಿಯಂತೆ ಬಿಡುತ್ತದೆ. ಸಿಂಥೆಟಿಕ್ ಹಗ್ಗ ಹಗುರ, ನೀರಿನಲ್ಲಿ ತೇಲುತ್ತದೆ, ತುಂಡಾದರೂ ಅಷ್ಟು ಜೋರಾಗಿ ಹಾರುವುದಿಲ್ಲ. ಆದರೆ ಎಳೆಗಳ ನಡುವೆ ಸೇರಿದ ಮರಳು ಒಳಗಿಂದಲೇ ತಿನ್ನುತ್ತದೆ, ಬಿಸಿಲು ಹಳತಾಗಿಸುತ್ತದೆ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಹಲವು ವಿಂಚುಗಳ ಬ್ರೇಕ್ ಡ್ರಮ್ಮಿನ ಒಳಗೇ ಇರುವುದರಿಂದ ಇಳಿಜಾರಿನಲ್ಲಿ ಗಾಡಿಯನ್ನು ನಿಧಾನವಾಗಿ ಇಳಿಸುವಾಗ ಡ್ರಮ್ ಚೆನ್ನಾಗಿಯೇ ಕಾಯುತ್ತದೆ. ಇಷ್ಟಾದರೂ ನಾನು ಆರಿಸಿದ್ದು ಸಿಂಥೆಟಿಕ್. ಮಾವನ ತೋಟದಲ್ಲಿ ಜೀಪ್ ಸಿಕ್ಕಿಹಾಕಿಕೊಂಡರೆ ಸುತ್ತ ಹತ್ತು ಜನ ನಿಂತೇ ನಿಲ್ಲುತ್ತಾರೆ. ‘ದೂರ ಹೋಗಿ’ ಎಂದರೆ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬರುವ ಜನ. ಹಗ್ಗ ತೊಳೆಯುವ ಕಷ್ಟವನ್ನು ಮಾವ ಪಡಲಿ. ಯಾವ ಹಗ್ಗವಾದರೂ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ತುಂಡಾದಾಗ ಅದು ಭಾರವಾಗಿ ಕೆಳಕ್ಕೆ ಎಳೆಯುತ್ತದೆ. ಇದಕ್ಕೆ ಖರ್ಚೇ ಇಲ್ಲ, ಮಾಡುವವರೂ ಇಲ್ಲ.

ವಿದ್ಯುತ್ತಿನದ್ದೋ ಹೈಡ್ರಾಲಿಕ್ಕೋ? 12 ವೋಲ್ಟಿನ ದೊಡ್ಡ ವಿಂಚ್ ಪೂರ್ಣ ಎಳೆತದಲ್ಲಿ ಸುಮಾರು 400 ಆಂಪಿಯರ್ ಕುಡಿಯುತ್ತದೆ, ಅಂದರೆ 4.8 ಕಿಲೋವಾಟ್. ಆ ಹೊತ್ತಿನಲ್ಲಿ ಹಗ್ಗ ಸುತ್ತುವ ವೇಗ ನಿಮಿಷಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚು. ಲೆಕ್ಕ ಹಾಕಿದರೆ ನಿಜವಾಗಿ ಎಳೆಯಲು ಹೋಗುವುದು 1 ಕಿಲೋವಾಟ್ ಆಸುಪಾಸು, ಉಳಿದದ್ದೆಲ್ಲ ಬಹುಪಾಲು ಶಾಖ. ಹಳೇ ಜೀಪಿನ ಆಲ್ಟರ್ನೇಟರ್ ನೂರು ಆಂಪಿಯರೂ ಕೊಡುವುದಿಲ್ಲ. ಆದ್ದರಿಂದ ಎಂಜಿನ್ ಓಡುತ್ತಿರಲೇಬೇಕು, ಒಂದು ನಿಮಿಷ ಎಳೆದು ಮೋಟಾರಿಗೆ ಬಿಡುವು ಕೊಡಬೇಕು. ಹೈಡ್ರಾಲಿಕ್ ವಿಂಚ್ ಗಂಟೆಗಟ್ಟಲೆ ದುಡಿಯುತ್ತದೆ, ಆದರೆ ಎಂಜಿನ್ ನಿಂತರೆ ಅದೂ ನಿಂತಿತು. ಮಲ್ಪೆಯ ಟ್ರಾಲ್ ದೋಣಿಗಳಲ್ಲಿ ಬಲೆ ಎಳೆಯುವ ವಿಂಚುಗಳು ದೋಣಿಯ ಎಂಜಿನ್ನಿನಿಂದಲೇ ಓಡುವುದು ಇದಕ್ಕೇ: ಅಲ್ಲಿ ಎಳೆಯುವುದು ದಿನನಿತ್ಯದ ಕೆಲಸ. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಜೀಪಿಗೆ ವಿದ್ಯುತ್ತಿನದ್ದೇ ಸರಿ. ದಿನವಿಡೀ ಎಳೆಯುವ ರಕ್ಷಣಾ ವಾಹನಕ್ಕೆ ಹೈಡ್ರಾಲಿಕ್.

ಕಾನೂನೂ ಇದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನು ಬಿಗಿಯಾಗಿಯೇ ಓದಿತು. ನಗರದಲ್ಲಿ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗಿಬರುವ ಗಾಡಿಗಳು ಮುಂದೆ ಕಬ್ಬಿಣದ ಮೂತಿ ಕಟ್ಟಿಕೊಂಡು ಮೆರೆಯುವುದನ್ನು ನೋಡಿದರೆ ಈ ನಿಯಮ ಬೇಕು ಎಂದೇ ನನಗೂ ಅನಿಸುತ್ತದೆ. ಆ ಮೂತಿ ಪಾದಚಾರಿಗೆ ಅಪಾಯ, ಏರ್‌ಬ್ಯಾಗಿನ ಸೆನ್ಸರಿಗೂ ಗೊಂದಲ. ಆದರೆ ಗುಡ್ಡದ ದಾರಿಯ ಜೀಪಿಗೂ ಶೋಕಿಯ ಗಾಡಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ. ಮಾವನಿಗೆ ಹೇಳಿದ್ದೇನೆ: ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬರಹದಲ್ಲಿ ಕೇಳಿ, ಆಮೇಲೆ ವೆಲ್ಡಿಂಗ್ ಅಂಗಡಿ.

ಇನ್ನು ನಮ್ಮ ಊರಿನ ಮಾತು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಲುಕಿ 22 ವರ್ಷದ ಯುವತಿಯೊಬ್ಬಳು ತೀರಿಕೊಂಡಳು. ನನಗಿಂತ ಎರಡೇ ವರ್ಷ ದೊಡ್ಡವಳು. ಅಲ್ಲಿ ವಿಂಚ್ ಇದ್ದಿದ್ದರೆ ಎಂದು ಹೇಳುವುದು ಸುಲಭ, ಆದರೆ ತಪ್ಪು. ನೀರು ಏರುತ್ತಿರುವಾಗ ಮೊದಲು ತೆಗೆಯಬೇಕಾದದ್ದು ಜನರನ್ನು, ಕಾರನ್ನಲ್ಲ. ನಿಮಿಷಕ್ಕೆ ಒಂದೆರಡು ಮೀಟರ್ ಎಳೆಯುವ ಯಂತ್ರ ಆ ಹೊತ್ತಿನದ್ದಲ್ಲ. ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ 2024ರ ಜುಲೈ ಕೊನೆಗೆ ಮಣ್ಣು ಜಾರಿ ವಾಹನಗಳು ಸಿಲುಕಿದಾಗಿನಂಥ ಸಂದರ್ಭವೇ ಅದಕ್ಕೆ ಸರಿಯಾದ ಜಾಗ.

ಇಂಥ ಕಡೆಗಳಿಗೆ ಮೊದಲು ತಲುಪುವವರು ಊರಿನವರೇ, ಅವರ ಟ್ರ್ಯಾಕ್ಟರ್, ಜೆಸಿಬಿ, ಜೀಪುಗಳೇ. ಬಲ ಅಲ್ಲಿ ಆಗಲೇ ಇರುತ್ತದೆ. ಇಲ್ಲದಿರುವುದು ನಂಬಬಹುದಾದ ಎರಡು ರಾಟೆ, ನಾಲ್ಕು ಶಾಕಲ್, ಅಗಲ ಪಟ್ಟಿ, ಒಳ್ಳೆಯ ಹಗ್ಗ, ಕೈಯಿಂದ ಲಿವರ್ ಆಡಿಸಿ ಎಳೆಯುವ ಟಿರ್ಫರ್, ಮತ್ತು ಇವನ್ನು ಜೋಡಿಸಬಲ್ಲ ಒಬ್ಬರು. ಘಟ್ಟದ ಅಂಚಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇದರದ್ದೊಂದು ಪೆಟ್ಟಿಗೆ ಇಟ್ಟರೆ ತಗಲುವ ಖರ್ಚು ಒಂದು ದೊಡ್ಡ ಯಂತ್ರದ ಮುಂದೆ ಏನೂ ಅಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವ ಗುರಿಯಿಂದ ನಡೆದದ್ದು. 18ರಿಂದ 40 ವರ್ಷದವರಿಗೆ, ಅಂದರೆ ಈ ಪುಟ ಓದುವವರಿಗೇ. ಇಂಥ ತರಬೇತಿಗಳಲ್ಲಿ ಪ್ರಥಮ ಚಿಕಿತ್ಸೆಯ ಜೊತೆಗೆ ಅರ್ಧ ದಿನ ಹಗ್ಗ, ರಾಟೆ, ಆಧಾರದ ಪಾಠವೂ ಸೇರಲಿ ಎಂಬುದು ನನ್ನ ಒತ್ತಾಯ. ಮೆಕ್ಯಾನಿಕ್ಸ್ ಪೇಪರ್ ಪಾಸಾದವರು ನಮ್ಮ ರಾಜ್ಯದಲ್ಲಿ ಸಾವಿರಾರು ಜನ ಇದ್ದೇವೆ. ಎಷ್ಟು ಜನ ಒಂದು ಸ್ನ್ಯಾಚ್ ಬ್ಲಾಕನ್ನು ಕೈಯಲ್ಲಿ ಹಿಡಿದು ನೋಡಿದ್ದೇವೆ? ನಾನು ಮೊದಲ ಸಲ ಹಿಡಿದದ್ದು ಕಾಲೇಜಿನಲ್ಲಲ್ಲ, ಕಲಾಸಿಪಾಳ್ಯದಲ್ಲಿ.

ಮರುವಾರ ಅದೇ ಅಂಗಡಿಗೆ ಹೋದೆ. 9,500 ಪೌಂಡಿನ ವಿಂಚ್, ಸಿಂಥೆಟಿಕ್ ಹಗ್ಗ, ಎರಡು ಸ್ನ್ಯಾಚ್ ಬ್ಲಾಕ್, ಮರಕ್ಕೆ ಸುತ್ತುವ ಪಟ್ಟಿ, ಶಾಕಲ್‌ಗಳ ಚೀಟಿ ಕೊಟ್ಟಾಗ ಅಂಗಡಿಯವರು ‘ಒಂದು ಜೀಪಿಗೆ ಎರಡು ಬ್ಲಾಕ್ ಯಾಕೆ ಸಾರ್?’ ಎಂದರು. ಕೌಂಟರಿನ ಮೇಲೆ ಬಿದ್ದಿದ್ದ ಬಿಲ್ ಪುಸ್ತಕದ ಹಿಂಬದಿಯಲ್ಲಿ ಡ್ರಮ್ಮಿನ ಪದರಗಳನ್ನು ಬರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಆ ಹಾಳೆಯನ್ನು ಹರಿದು ಗಾಜಿನ ಕೆಳಗೆ ಇಟ್ಟುಕೊಂಡರು.

ಸಂಜೆ ಮಾವನಿಗೆ ಫೋನ್ ಮಾಡಿದೆ. ‘ಲಾರಿ ಎಳೆಯುತ್ತೇನೋ?’ ಎಂದು ಕೇಳಿದರು. ಇಲ್ಲ ಮಾವ ಎಂದೆ. ಹಿಂದಿನಿಂದ ರೈಟರ್ ದನಿ ಕೇಳಿಸಿತು: ‘ಆ ಹಳೇ ತಂತಿ ಹಗ್ಗ ಏನ್ ಮಾಡೋಣ ಕೇಳಿ.’ ತುಂಡು ತುಂಡು ಮಾಡಿ ಗುಜರಿಗೆ ಹಾಕಿ, ಯಾರಿಗೂ ಕೊಡಬೇಡಿ ಎಂದೆ.